ಆಪರೇಷನ್ ಮುಗಿಯಿತು, ಕೈಯನ್ನು ಮರೆಯಬೇಡಿ

ಕಳೆದ ಮಳೆಗಾಲದ ಒಂದು ಮಧ್ಯಾಹ್ನ. ನಮ್ಮ ಫಿಸಿಯೋಥೆರಪಿ ವಿಭಾಗಕ್ಕೆ ಮಗಳ ಜೊತೆ ಒಬ್ಬ ತಾಯಿ ಬಂದರು. ವಯಸ್ಸು ಐವತ್ತರ ಆಸುಪಾಸು. ಬಲಗೈಯನ್ನು ಹೊಟ್ಟೆಗೆ ಒತ್ತಿ ಹಿಡಿದು ಅದರ ಮೇಲೆ ಶಾಲು ಹೊದ್ದಿದ್ದರು. ಒಂಬತ್ತು ವಾರಗಳ ಹಿಂದೆ ಅವರ ಬಲ ಸ್ತನವನ್ನೂ ಕಂಕುಳಿನ ಗ್ರಂಥಿಗಳನ್ನೂ ಶಸ್ತ್ರಚಿಕಿತ್ಸೆ ಮಾಡಿ ತೆಗೆಯಲಾಗಿತ್ತು. ಕೀಮೋ ಅದಕ್ಕೂ ಮೊದಲೇ ಮುಗಿದಿತ್ತು. ಗಾಯ ಚೆನ್ನಾಗಿ ಮಾಗಿತ್ತು. ಇನ್ನು ಉಳಿದಿದ್ದು ರೇಡಿಯೇಷನ್ ಮಾತ್ರ.

ಆದರೆ ರೇಡಿಯೇಷನ್‌ಗೆ ಹೋದಾಗ ಅಲ್ಲಿ ಒಂದು ತೊಡಕು ಎದುರಾಯಿತು. ಎದೆಯ ಭಾಗಕ್ಕೆ ಕಿರಣ ಹಾಯಿಸಬೇಕಾದರೆ ರೋಗಿ ಅಂಗಾತ ಮಲಗಿ, ಕೈಯನ್ನು ತಲೆಯ ಮೇಲ್ಭಾಗಕ್ಕೆ ಎತ್ತಿ, ಅಲ್ಲಾಡದೆ ಇರಬೇಕು. ಇವರ ಕೈ ಭುಜದ ಎತ್ತರಕ್ಕೂ ಬರುತ್ತಿರಲಿಲ್ಲ. "ಮೊದಲು ಕೈ ಮೇಲೆ ಬರುವಂತೆ ಮಾಡಿಕೊಂಡು ಬನ್ನಿ" ಎಂದು ಅಲ್ಲಿಂದ ನಮ್ಮಲ್ಲಿಗೆ ಕಳುಹಿಸಿದ್ದರು.

"ನಾವು ಉಮ್ಮನಿಗೆ ಒಂದು ಲೋಟವನ್ನೂ ಎತ್ತಲು ಬಿಟ್ಟಿಲ್ಲ ಡಾಕ್ಟ್ರೇ" ಎಂದಳು ಮಗಳು. ಅದರಲ್ಲಿ ಹೆಮ್ಮೆಯೂ ಇತ್ತು, ಗೊಂದಲವೂ ಇತ್ತು. ತಲೆ ಬಾಚಿದ್ದು ಮಗಳು, ತುತ್ತು ಕೊಟ್ಟಿದ್ದು ಸೊಸೆ, ಬಟ್ಟೆ ತೊಡಿಸಿದ್ದು ತಂಗಿ. ಕೈ ಅಲ್ಲಾಡಿಸಿದರೆ ಹೊಲಿಗೆ ಬಿಚ್ಚುತ್ತದೆ, ಬಾವು ಬರುತ್ತದೆ ಎಂದು ನೋಡಲು ಬಂದವರೆಲ್ಲ ಹೇಳಿ ಹೋಗಿದ್ದರು. ಆಪರೇಷನ್ ಆದ ಆಸ್ಪತ್ರೆಯಲ್ಲಿ ವ್ಯಾಯಾಮದ ಚಿತ್ರಗಳಿದ್ದ ಇಂಗ್ಲಿಷ್ ಹಾಳೆಯೊಂದನ್ನು ಕೊಟ್ಟಿದ್ದರು. ಅದು ಫೈಲಿನೊಳಗೆ ಹಾಗೆಯೇ ಇತ್ತು.

ಅಷ್ಟು ಹೊತ್ತು ಸುಮ್ಮನಿದ್ದ ತಾಯಿ ಕೊನೆಗೆ ಒಂದೇ ಮಾತು ಹೇಳಿದರು. "ತಕ್ಬೀರ್ ಹೇಳುವಾಗ ಒಂದು ಕೈ ಮಾತ್ರ ಎತ್ತುತ್ತೇನೆ. ಇನ್ನೊಂದು ಕೈ ನನ್ನದಲ್ಲ ಎನಿಸುತ್ತದೆ."

ಸಹೋದರಿಯರೇ, ಈ ತಾಯಿಗೆ ಆದದ್ದು ಯಾರ ದ್ವೇಷದಿಂದಲೂ ಅಲ್ಲ, ಮನೆಯವರ ಪ್ರೀತಿಯಿಂದ. ಸ್ತನ ಕ್ಯಾನ್ಸರ್ ಇಂದು ಭಾರತದ ಮಹಿಳೆಯರಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ನಮ್ಮ ದೇಶದ ಸುಮಾರು 1,92,000 ಮಹಿಳೆಯರಲ್ಲಿ ಇದು ಹೊಸದಾಗಿ ಪತ್ತೆಯಾಗಿದೆ. ಬೇಗ ಪತ್ತೆಯಾದರೆ ಗುಣವಾಗುತ್ತದೆ ಎಂಬ ಮಾತನ್ನು ನೀವು ಎಷ್ಟೋ ಸಲ ಓದಿದ್ದೀರಿ. ಗುಣವಾದ ಮೇಲೆ ಆ ಕೈಯ ಗತಿಯೇನು ಎಂಬುದರ ಬಗ್ಗೆ ಮಾತ್ರ ಯಾರೂ ಹೆಚ್ಚು ಮಾತನಾಡುವುದಿಲ್ಲ. ಈ ತಿಂಗಳು ಅದನ್ನೇ ನೋಡೋಣ.

ಆಪರೇಷನ್ ಎದೆಗೆ, ನೋವು ಕೈಗೆ ಏಕೆ?

ಸ್ತನದಿಂದ ಹೊರಡುವ ದುಗ್ಧರಸ ಹೆಚ್ಚಾಗಿ ಕಂಕುಳಿನ ಗ್ರಂಥಿಗಳ ಕಡೆಗೆ ಹರಿಯುತ್ತದೆ. ಕ್ಯಾನ್ಸರ್ ಹರಡಿದರೆ ಸಾಮಾನ್ಯವಾಗಿ ಮೊದಲು ತಲುಪುವುದು ಅಲ್ಲಿಗೇ. ಆದ್ದರಿಂದ ವೈದ್ಯರು ಕೆಲವರಲ್ಲಿ ಒಂದೆರಡು ಗ್ರಂಥಿಗಳನ್ನು ತೆಗೆದು ಪರೀಕ್ಷಿಸುತ್ತಾರೆ. ಇನ್ನು ಕೆಲವರಲ್ಲಿ ಕಂಕುಳಿನ ಹೆಚ್ಚಿನ ಗ್ರಂಥಿಗಳನ್ನು ತೆಗೆಯಬೇಕಾಗುತ್ತದೆ. ಗಾಯ ಮಾಗುವಾಗ ಎದೆಯ ಚರ್ಮ, ಅದರಡಿಯ ಸ್ನಾಯು, ಕಂಕುಳು ಎಲ್ಲವೂ ಒಂದಕ್ಕೊಂದು ಅಂಟಿಕೊಂಡು ಬಿಗಿಯುತ್ತವೆ. ರೇಡಿಯೇಷನ್ ಈ ಬಿಗಿತವನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಜೊತೆಗೆ ಇನ್ನೂ ಕೆಲವು ತೊಂದರೆಗಳಿವೆ. ತೋಳಿನ ಒಳಭಾಗಕ್ಕೆ ಸ್ಪರ್ಶ ಕೊಡುವ ನರ ಕಂಕುಳಿನ ಮೂಲಕ ಹಾದು ಹೋಗುತ್ತದೆ. ಆಪರೇಷನ್ ವೇಳೆ ಅದಕ್ಕೆ ಪೆಟ್ಟಾದರೆ ತೋಳಿನ ಒಳಭಾಗ ಮರಗಟ್ಟಿದಂತೆ ಇರುತ್ತದೆ, ಕೆಲವರಿಗೆ ಉರಿಯುತ್ತದೆ. ಇನ್ನು ಕೆಲವರಿಗೆ ಕೆಲವು ವಾರಗಳ ನಂತರ ಕಂಕುಳಿನಿಂದ ಮೊಣಕೈವರೆಗೆ, ಒಮ್ಮೊಮ್ಮೆ ಮಣಿಕಟ್ಟಿನವರೆಗೆ, ಚರ್ಮದಡಿ ತಂತಿ ಎಳೆದಂತೆ ಕಾಣಿಸಿಕೊಳ್ಳುತ್ತದೆ. ಕೈ ಚಾಚಿದರೆ ಆ ತಂತಿ ಹಗ್ಗದಂತೆ ಬಿಗಿದು ನೋಯುತ್ತದೆ. ಅದನ್ನು ಕಂಡು ಕ್ಯಾನ್ಸರ್ ಮರಳಿ ಬಂತೆಂದು ಹೆದರಿ ರಾತ್ರಿಯಿಡೀ ನಿದ್ದೆಗೆಟ್ಟವರನ್ನು ನಾನು ಕಂಡಿದ್ದೇನೆ. ಅದು ಕ್ಯಾನ್ಸರ್ ಅಲ್ಲ. ನಿಧಾನವಾಗಿ ಎಳೆದು ಮಾಡುವ ವ್ಯಾಯಾಮದಿಂದ ಹೆಚ್ಚಿನವರಲ್ಲಿ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಅದು ಇಲ್ಲವಾಗುತ್ತದೆ.

ಇವೆಲ್ಲದರ ಮೇಲೆ ಮನಸ್ಸಿನದ್ದೂ ಒಂದು ಪಾಲಿದೆ. ಒಂದು ಕಡೆ ಬರಿದಾಯಿತು ಎಂಬ ಸಂಕೋಚದಿಂದ ಭುಜವನ್ನು ಮುಂದಕ್ಕೆ ಬಾಗಿಸಿ, ಕೈಯನ್ನು ಎದೆಗೆ ಅಡ್ಡ ಹಿಡಿದು ನಡೆಯುವುದು ಅಭ್ಯಾಸವಾಗುತ್ತದೆ. ಕೆಲವೇ ವಾರಗಳಲ್ಲಿ ಕತ್ತು, ಬೆನ್ನು, ಭುಜ ಎಲ್ಲವೂ ನೋಯತೊಡಗುತ್ತವೆ.

ಒಂದು ಚೆಂಡು, ಒಂದು ಹಗ್ಗ

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಮೆರಿಕದ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ರೂಢಿಗೆ ತಂದ ಆಪರೇಷನ್‌ನಲ್ಲಿ ಸ್ತನ, ಕಂಕುಳಿನ ಗ್ರಂಥಿಗಳ ಜೊತೆಗೆ ಎದೆಯ ಸ್ನಾಯುಗಳನ್ನೂ ತೆಗೆಯುತ್ತಿದ್ದರು. ಹಲವು ದಶಕಗಳ ಕಾಲ ಅದೇ ಪದ್ಧತಿ ನಡೆಯಿತು. ಜೀವ ಉಳಿದರೂ ಕೈ ದುರ್ಬಲವಾಗುತ್ತಿತ್ತು.

1952ರಲ್ಲಿ ನ್ಯೂಯಾರ್ಕ್‌ನ ತೆರೇಸ್ ಲಾಸರ್ ಎಂಬ ಮಹಿಳೆಗೆ ಇಂಥದ್ದೇ ಆಪರೇಷನ್ ಆಯಿತು. ಮುಂದೆ ಕೈಯನ್ನು ಹೇಗೆ ಬಳಸಬೇಕು, ಏನು ಉಡಬೇಕು, ಹೇಗೆ ಬದುಕಬೇಕು ಎಂದು ಅವರಿಗೆ ಹೇಳುವವರು ಯಾರೂ ಇರಲಿಲ್ಲ. ಆಕೆ ಸ್ವತಃ ವ್ಯಾಯಾಮ ಮಾಡಿ ಚೇತರಿಸಿಕೊಂಡರು. ಆಮೇಲೆ ತನ್ನಂತೆ ಆಪರೇಷನ್ ಆದ ಹೆಂಗಸರನ್ನು ಆಸ್ಪತ್ರೆಗಳಲ್ಲಿ ಭೇಟಿಯಾಗತೊಡಗಿದರು. ಕೈಯಲ್ಲಿದ್ದುದು ಹಿಚುಕಲು ಒಂದು ರಬ್ಬರ್ ಚೆಂಡು, ಕೈ ಎತ್ತಿ ಎಳೆಯಲು ಒಂದು ಹಗ್ಗ. ಅದರಿಂದ ಬೆಳೆದ ಸಂಘಟನೆಯೇ 'ರೀಚ್ ಟು ರಿಕವರಿ'. 1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಅದನ್ನು ತನ್ನ ಕಾರ್ಯಕ್ರಮವಾಗಿ ಸ್ವೀಕರಿಸಿತು.

ಇಂದು ಆಪರೇಷನ್ ಬಹಳ ಬದಲಾಗಿದೆ. ಎದೆಯ ಸ್ನಾಯುವನ್ನು ಉಳಿಸುತ್ತಾರೆ. ಎಷ್ಟೋ ಜನರಿಗೆ ಗಂಟು ಇರುವ ಭಾಗವನ್ನು ಮಾತ್ರ ತೆಗೆದು ರೇಡಿಯೇಷನ್ ಕೊಟ್ಟರೆ ಸಾಕಾಗುತ್ತದೆ. ಆದರೂ ಆಪರೇಷನ್ ಆದ ಮರುದಿನ ಹಾಸಿಗೆಯಲ್ಲಿ ಕುಳಿತ ಹೆಣ್ಣುಮಗಳ ಪ್ರಶ್ನೆ ಅದೇ: ಈ ಕೈಯನ್ನು ಅಲ್ಲಾಡಿಸಲೇ, ಬೇಡವೇ?

ಅಲ್ಲಾಡಿಸಬೇಕು, ಆದರೆ ಕ್ರಮವಾಗಿ

ಇದಕ್ಕೆ ಸ್ಪಷ್ಟ ಉತ್ತರವಿದೆ. ಬ್ರಿಟನ್ನಿನ 17 ಕ್ಯಾನ್ಸರ್ ಕೇಂದ್ರಗಳಲ್ಲಿ, ಭುಜದ ತೊಂದರೆ ಬರುವ ಸಾಧ್ಯತೆ ಹೆಚ್ಚಿದ್ದ 392 ಮಹಿಳೆಯರನ್ನು ಒಳಗೊಂಡ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಮಾಮೂಲಿ ಮಾಹಿತಿ ಪತ್ರ ಮಾತ್ರ. ಇನ್ನೊಂದು ಗುಂಪಿಗೆ ಆಪರೇಷನ್ ಆದ 7ರಿಂದ 10 ದಿನಗಳಲ್ಲೇ ಫಿಸಿಯೋಥೆರಪಿಸ್ಟ್ ಮೂಲಕ ವ್ಯಾಯಾಮದ ತರಬೇತಿ. ಒಂದು ವರ್ಷದ ನಂತರ ನೋಡಿದಾಗ ವ್ಯಾಯಾಮ ಮಾಡಿದವರ ಕೈ ಹೆಚ್ಚು ಚೆನ್ನಾಗಿ ಕೆಲಸ ಮಾಡುತ್ತಿತ್ತು, ನೋವೂ ಕಡಿಮೆಯಿತ್ತು. ಗಾಯದ ತೊಂದರೆಯಾಗಲಿ ಬಾವಾಗಲಿ ಅವರಲ್ಲಿ ಹೆಚ್ಚಾಗಿರಲಿಲ್ಲ.

ಆದರೆ ಆತುರವೂ ಒಳ್ಳೆಯದಲ್ಲ. ಮೊದಲ ಒಂದೆರಡು ದಿನಗಳಿಂದಲೇ ಭುಜವನ್ನು ಪೂರ್ತಿ ಎತ್ತಿಸಿದರೆ ಗಾಯದಿಂದ ನೀರು ಸೋರುವುದು ಹೆಚ್ಚುತ್ತದೆ, ಕೊಳವೆಯನ್ನು ಹೆಚ್ಚು ದಿನ ಇಡಬೇಕಾಗುತ್ತದೆ ಎಂದೂ ಅಧ್ಯಯನಗಳು ತೋರಿಸಿವೆ. ಆದ್ದರಿಂದ ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು.

ಮೊದಲ ಮೆಟ್ಟಿಲು: ಕೊಳವೆ ಇರುವಾಗ

ಆಪರೇಷನ್ ಆದ ಮರುದಿನದಿಂದ ಸುಮಾರು ಒಂದು ವಾರ, ಅಥವಾ ನೀರು ಹೋಗುವ ಕೊಳವೆ ತೆಗೆಯುವವರೆಗೆ ಕೈಯನ್ನು ಭುಜದ ಎತ್ತರಕ್ಕಿಂತ ಮೇಲೆ ಎತ್ತಬೇಡಿ. ಅದರ ಕೆಳಗೆ ಎಲ್ಲವನ್ನೂ ಮಾಡಿ.

* ಮುಷ್ಟಿ ಕಟ್ಟಿ ಬಿಡುವುದು. ಮೆತ್ತಗಿನ ಚೆಂಡು ಅಥವಾ ಸುತ್ತಿದ ಕರವಸ್ತ್ರವನ್ನು ಹಿಚುಕಬಹುದು.
* ಮಣಿಕಟ್ಟನ್ನು ತಿರುಗಿಸುವುದು, ಮೊಣಕೈಯನ್ನು ಮಡಚಿ ಬಿಡಿಸುವುದು.
* ಎರಡೂ ಭುಜಗಳನ್ನು ಕಿವಿಯ ಕಡೆಗೆ ಎತ್ತಿ ಇಳಿಸುವುದು, ನಿಧಾನವಾಗಿ ಹಿಂದಕ್ಕೆ ಸುತ್ತಿಸುವುದು.
* ಮೂಗಿನಿಂದ ಆಳವಾಗಿ ಉಸಿರೆಳೆದು ಬಾಯಿಯಿಂದ ನಿಧಾನವಾಗಿ ಬಿಡುವುದು.

ಊಟ ಮಾಡುವುದು, ಮುಖ ತೊಳೆಯುವುದು, ಗುಂಡಿ ಹಾಕಿಕೊಳ್ಳುವುದನ್ನು ಅದೇ ಕೈಯಿಂದ ಮಾಡಿ. ಮಲಗುವಾಗ ಕೈಯ ಕೆಳಗೆ ದಿಂಬು ಇಟ್ಟುಕೊಳ್ಳಿ. ಕೈಯನ್ನು ಜೋಳಿಗೆಯಲ್ಲಿ ಕಟ್ಟಿ ನೇತುಹಾಕಬೇಡಿ.

ಎರಡನೇ ಮೆಟ್ಟಿಲು: ಕೊಳವೆ ತೆಗೆದ ಮೇಲೆ

ಶಸ್ತ್ರವೈದ್ಯರು ಒಪ್ಪಿದ ನಂತರ ಇವನ್ನು ಆರಂಭಿಸಬಹುದು.

* ಗೋಡೆ ಹತ್ತುವುದು: ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಇರುವೆಯಂತೆ ಮೇಲಕ್ಕೆ ನಡೆಸಿ. ತಲುಪಿದಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ದಿನಾಂಕ ಬರೆಯಿರಿ. ಮರುದಿನ ಆ ಗೆರೆಯನ್ನು ದಾಟಲು ನೋಡಿ. ಇದನ್ನೇ ಗೋಡೆಗೆ ಪಕ್ಕವಾಗಿ ನಿಂತೂ ಮಾಡಿ.
* ಕೋಲು ಎತ್ತುವುದು: ಅಂಗಾತ ಮಲಗಿ ಒಂದು ಕೋಲನ್ನೋ ಮಡಚಿದ ಉದ್ದ ಕೊಡೆಯನ್ನೋ ಎರಡೂ ಕೈಗಳಿಂದ ಹಿಡಿಯಿರಿ. ತಲೆಯ ಕಡೆಗೆ ನಿಧಾನವಾಗಿ ಒಯ್ಯಿರಿ. ಚೆನ್ನಾಗಿರುವ ಕೈ ಇನ್ನೊಂದಕ್ಕೆ ನೆರವಾಗಲಿ.
* ರೆಕ್ಕೆ ಬಿಚ್ಚುವುದು: ಮಲಗಿಕೊಂಡೇ ಎರಡೂ ಕೈಗಳನ್ನು ಕತ್ತಿನ ಹಿಂದೆ ಹೆಣೆದು ಮೊಣಕೈಗಳನ್ನು ಹಾಸಿಗೆಯ ಕಡೆಗೆ ಇಳಿಸಿ.
* ಬೆನ್ನ ಹಿಂದೆ: ಎರಡೂ ಕೈಗಳನ್ನು ಸೊಂಟದ ಹಿಂದೆ ಒಯ್ದು, ಒಳ ಉಡುಪಿನ ಕೊಕ್ಕೆ ಹಾಕುವಂತೆ ಮೆಲ್ಲನೆ ಮೇಲಕ್ಕೆ ಜಾರಿಸಿ.
* ಹೆಗಲ ಮೂಳೆ ಸೇರಿಸುವುದು: ನೇರವಾಗಿ ಕುಳಿತು, ಬೆನ್ನಿನ ಎರಡೂ ರೆಕ್ಕೆ ಮೂಳೆಗಳನ್ನು ಒಂದಕ್ಕೊಂದು ಹತ್ತಿರ ತಂದು ಐದು ಎಣಿಸಿ ಬಿಡಿ.

ಪ್ರತಿಯೊಂದನ್ನೂ 5ರಿಂದ 10 ಸಲ, ದಿನಕ್ಕೆ ಮೂರು ಬಾರಿ ಮಾಡಿದರೆ ಸಾಕು. ಮರೆತು ಹೋಗುತ್ತದೆ ಎನ್ನುವವರಿಗೆ ನಾನೊಂದು ಉಪಾಯ ಹೇಳುತ್ತೇನೆ. ಫಜ್ರ್, ಅಸರ್ ಮತ್ತು ಇಶಾ ನಮಾಝ್ ಮುಗಿದ ಮೇಲೆ ಮುಸಲ್ಲಾ ಮಡಚುವ ಮೊದಲು ಹತ್ತು ನಿಮಿಷ ಇದಕ್ಕಾಗಿ ಇಡಿ. ಬೇರೆ ಗಡಿಯಾರ ಬೇಡ.

ವ್ಯಾಯಾಮ ಮಾಡುವಾಗ ಚರ್ಮ ಎಳೆದಂತಾಗುವುದು ಸಹಜ. ಆ ಎಳೆತ ಸಿಕ್ಕಲ್ಲಿ ಸ್ವಲ್ಪ ನಿಂತು ಉಸಿರು ಬಿಡಿ. ಚುಚ್ಚುವಂತಹ ನೋವು ಬಂದರೆ ಒಂದಿಷ್ಟು ಹಿಂದೆ ಬನ್ನಿ. ವೈದ್ಯರು ನೋವಿನ ಮಾತ್ರೆ ಕೊಟ್ಟಿದ್ದರೆ ಅದನ್ನು ತೆಗೆದುಕೊಂಡು ಅರ್ಧ ಗಂಟೆಯ ನಂತರ ಮಾಡುವುದು ಸುಲಭ. ಸ್ತನದ ಮರುರಚನೆಯ ಆಪರೇಷನ್ ಆದವರು ಮಾತ್ರ ತಮ್ಮ ಶಸ್ತ್ರವೈದ್ಯರು ಹೇಳಿದ ಕ್ರಮವನ್ನೇ ಅನುಸರಿಸಬೇಕು.

ಮೂರನೇ ಮೆಟ್ಟಿಲು: ಬಲ ತರುವುದು

ಗಾಯ ಪೂರ್ಣ ಮಾಗಿ, ಕೈ ಮೇಲೆ ಬರತೊಡಗಿದ ಮೇಲೆ, ಸಾಮಾನ್ಯವಾಗಿ ಎರಡು ತಿಂಗಳ ಸುಮಾರಿಗೆ, ವೈದ್ಯರನ್ನು ಕೇಳಿ ಭಾರ ಎತ್ತುವ ವ್ಯಾಯಾಮ ಆರಂಭಿಸಬಹುದು. ಅರ್ಧ ಲೀಟರಿನ ನೀರು ತುಂಬಿದ ಬಾಟಲಿ ಎಂದರೆ ಸುಮಾರು ಅರ್ಧ ಕಿಲೋ. ಅಷ್ಟರಿಂದ ಶುರು ಮಾಡಿ. ಕೈಯಲ್ಲಿ ಭಾರ, ಬಾವು, ನೋವು ಏನೂ ಕಾಣದಿದ್ದರೆ ಮಾತ್ರ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ರೇಡಿಯೇಷನ್ ನಡೆಯುವಾಗಲೂ ಕೈ ಎತ್ತುವ ವ್ಯಾಯಾಮ ನಿಲ್ಲಿಸಬೇಡಿ. ರೇಡಿಯೇಷನ್ ಮುಗಿದು ತಿಂಗಳುಗಳ ಮೇಲೂ ಬಿಗಿತ ಬರಬಹುದು. ಆದ್ದರಿಂದ ಮುಂದೆಯೂ ಇದನ್ನು ಅಭ್ಯಾಸವಾಗಿ ಉಳಿಸಿಕೊಳ್ಳಿ.

ಕೈ ಬಾವಿನ ಭಯ

ಕಂಕುಳಿನ ಗ್ರಂಥಿಗಳನ್ನು ತೆಗೆದಾಗ ಅಥವಾ ಅಲ್ಲಿಗೆ ರೇಡಿಯೇಷನ್ ಕೊಟ್ಟಾಗ ಕೈಯಿಂದ ದುಗ್ಧರಸ ಹರಿದು ಹೋಗುವ ದಾರಿ ಕಿರಿದಾಗುತ್ತದೆ. ಮಳೆಗಾಲದಲ್ಲಿ ತೋಡಿನ ಬಾಯಿ ಕಟ್ಟಿಕೊಂಡರೆ ನೀರು ಅಂಗಳದಲ್ಲಿ ನಿಲ್ಲುವುದಿಲ್ಲವೇ? ಹಾಗೆಯೇ ದುಗ್ಧರಸ ಕೈಯಲ್ಲಿ ನಿಂತು ಬಾವು ಬರುತ್ತದೆ. ಇದನ್ನು ಲಿಂಫಿಡೀಮಾ ಎನ್ನುತ್ತಾರೆ. ಇದು ಎಲ್ಲರಿಗೂ ಬರುವುದಿಲ್ಲ. ಕಂಕುಳಿನ ಹೆಚ್ಚಿನ ಗ್ರಂಥಿಗಳನ್ನು ತೆಗೆದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ, ಒಂದೆರಡು ಗ್ರಂಥಿಗಳನ್ನು ಮಾತ್ರ ತೆಗೆದವರಲ್ಲಿ ಸುಮಾರು ನೂರರಲ್ಲಿ ಆರು ಮಂದಿಗೆ ಬರುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2013ರ ವರದಿಯೊಂದು ಹೇಳುತ್ತದೆ. ಆಪರೇಷನ್ ಆಗಿ ವರ್ಷಗಳ ನಂತರವೂ ಬರಬಹುದು.

ಈ ಭಯದಿಂದಲೇ ಹಿಂದೆ ವೈದ್ಯರೂ "ಆ ಕೈಯಿಂದ ಭಾರ ಎತ್ತಬೇಡಿ, ಶ್ರಮದ ಕೆಲಸ ಮಾಡಬೇಡಿ" ಎನ್ನುತ್ತಿದ್ದರು. ಇದನ್ನು ಪ್ರಶ್ನಿಸಿದವರು ಕೆನಡಾದ ವ್ಯಾಂಕೂವರ್‌ನ ಕ್ರೀಡಾ ವೈದ್ಯ ಡಾನ್ ಮೆಕೆಂಝಿ. 1996ರಲ್ಲಿ ಅವರು ಸ್ತನ ಕ್ಯಾನ್ಸರ್‌ನಿಂದ ಚೇತರಿಸಿಕೊಂಡ 24 ಮಹಿಳೆಯರನ್ನು ಸೇರಿಸಿ, ಮೊದಲು ವ್ಯಾಯಾಮ ಶಾಲೆಯಲ್ಲಿ ತಯಾರಿ ಕೊಟ್ಟು, ನಂತರ ಡ್ರ್ಯಾಗನ್ ದೋಣಿಯಲ್ಲಿ ಕೂರಿಸಿ ಹುಟ್ಟು ಹಾಕಿಸಿದರು. ಸಾಲಾಗಿ ಕುಳಿತು ಒಂದೇ ಲಯದಲ್ಲಿ ಕೈ ಬೀಸಿ ನೀರನ್ನು ಹಿಂದಕ್ಕೆ ತಳ್ಳುವ ಕೆಲಸವದು. ಆಗಿನ ನಂಬಿಕೆಯ ಪ್ರಕಾರ ಅವರೆಲ್ಲರ ಕೈ ಊದಿಕೊಳ್ಳಬೇಕಿತ್ತು. ಒಬ್ಬರಿಗೂ ಹೊಸದಾಗಿ ಬಾವು ಬರಲಿಲ್ಲ, ಇದ್ದವರಿಗೆ ಹೆಚ್ಚಾಗಲೂ ಇಲ್ಲ.

ಅದು ಚಿಕ್ಕ ಪ್ರಯತ್ನ. ಮುಂದೆ 2009ರಲ್ಲಿ ಅಮೆರಿಕದ ಕ್ಯಾಥರಿನ್ ಶ್ಮಿಟ್ಝ್ ಮತ್ತು ಸಂಗಡಿಗರು ಕೈ ಬಾವು ಇದ್ದ 141 ಮಹಿಳೆಯರ ಮೇಲಿನ ಅಧ್ಯಯನವನ್ನು ಪ್ರಕಟಿಸಿದರು. ಅರ್ಧದಷ್ಟು ಮಂದಿ ವಾರಕ್ಕೆ ಎರಡು ಬಾರಿ, ಒತ್ತುಗವಸು ತೊಟ್ಟು, ನಿಧಾನವಾಗಿ ಹೆಚ್ಚಿಸುತ್ತಾ ಭಾರ ಎತ್ತಿದರು. ಒಂದು ವರ್ಷದ ಕೊನೆಗೆ ಅವರ ಬಾವು ಉಳಿದವರಿಗಿಂತ ಹೆಚ್ಚಾಗಿರಲಿಲ್ಲ. ಬಾವು ಉಲ್ಬಣಿಸಿದ್ದು ಭಾರ ಎತ್ತಿದವರಲ್ಲಿ ಶೇಕಡಾ 14, ಎತ್ತದವರಲ್ಲಿ ಶೇಕಡಾ 29. ಸ್ಪೇನ್‌ನಲ್ಲಿ 120 ಮಹಿಳೆಯರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಆಪರೇಷನ್ ಆದ ಬೆನ್ನಿಗೇ ಫಿಸಿಯೋಥೆರಪಿ ಪಡೆದವರಲ್ಲಿ ಶೇಕಡಾ 7ರಷ್ಟು ಮಂದಿಗೆ, ಪಡೆಯದವರಲ್ಲಿ ಶೇಕಡಾ 25ರಷ್ಟು ಮಂದಿಗೆ ಒಂದು ವರ್ಷದೊಳಗೆ ಬಾವು ಕಾಣಿಸಿತು.

ಹಾಗೆಂದು ನಾಳೆಯೇ ಬಾವಿಯಿಂದ ಕೊಡಪಾನ ತುಂಬಾ ನೀರು ಸೇದಲು ಹೊರಡಬೇಡಿ! ಇವರೆಲ್ಲ ಕಡಿಮೆ ಭಾರದಿಂದ ತೊಡಗಿ, ಬಲ್ಲವರ ಕಣ್ಣೆದುರು, ಕ್ರಮವಾಗಿ ಮುಂದೆ ಹೋದವರು. ತಿಂಗಳುಗಟ್ಟಲೆ ಸುಮ್ಮನಿದ್ದ ಕೈಗೆ ಒಂದೇ ದಿನ ಮದುವೆ ಮನೆಯ ಪಾತ್ರೆ ತಿಕ್ಕುವ ಕೆಲಸ ಕೊಟ್ಟರೆ ಬಾವು ಬರಬಹುದು. ಕೈ ಕೇಳುವುದು ದಿನದಿನದ ಸ್ವಲ್ಪ ಕೆಲಸವನ್ನು.

ಬಾವನ್ನು ಬೇಗ ಗುರುತಿಸುವುದು ಹೇಗೆ? ಬಳೆ, ಉಂಗುರ, ರವಿಕೆಯ ತೋಳು ಒಂದು ಕಡೆ ಮಾತ್ರ ಬಿಗಿಯಾಗುವುದು, ಕೈ ಭಾರವೆನಿಸುವುದು, ಬೆರಳಿನಿಂದ ಒತ್ತಿದರೆ ಗುಳಿ ಬೀಳುವುದು ಇದರ ಲಕ್ಷಣಗಳು. ದರ್ಜಿಯ ಟೇಪಿನಿಂದ ತಿಂಗಳಿಗೊಮ್ಮೆ ಎರಡೂ ಕೈಗಳನ್ನು ಒಂದೇ ಜಾಗಗಳಲ್ಲಿ ಅಳೆಯಿರಿ: ಮಣಿಕಟ್ಟು, ಮೊಣಕೈಯಿಂದ 10 ಸೆಂಟಿಮೀಟರ್ ಕೆಳಗೆ ಮತ್ತು 10 ಸೆಂಟಿಮೀಟರ್ ಮೇಲೆ. ಆಪರೇಷನ್‌ಗೆ ಮೊದಲೇ ಒಮ್ಮೆ ಅಳೆದು ಬರೆದಿಟ್ಟರೆ ಇನ್ನೂ ಒಳ್ಳೆಯದು. ಎರಡು ಕೈಗಳ ನಡುವೆ 2 ಸೆಂಟಿಮೀಟರ್‌ನಷ್ಟು ವ್ಯತ್ಯಾಸ ಹೊಸದಾಗಿ ಕಂಡರೆ ತಡಮಾಡದೆ ತೋರಿಸಿ. ಬೇಗ ಬಂದವರಿಗೆ ಮೃದುವಾದ ವಿಶೇಷ ಮಸಾಜ್, ಪಟ್ಟಿ ಸುತ್ತುವುದು, ಅಳತೆಗೆ ತಕ್ಕ ಒತ್ತುಗವಸು ಮತ್ತು ವ್ಯಾಯಾಮದಿಂದ ಬಾವು ಹತೋಟಿಗೆ ಬರುತ್ತದೆ. ವರ್ಷಗಟ್ಟಲೆ ಬಿಟ್ಟರೆ ಚರ್ಮ ಗಟ್ಟಿಯಾಗಿ ಕಷ್ಟವಾಗುತ್ತದೆ. ಇನ್ನೊಬ್ಬರ ಒತ್ತುಗವಸನ್ನು ತೊಡಬೇಡಿ, ಮನೆಯಲ್ಲೇ ಬಿಗಿಯಾಗಿ ಬಟ್ಟೆ ಸುತ್ತಬೇಡಿ.

ಮನೆಯೊಳಗಿನ ಎಚ್ಚರಗಳು

ಬಾವಿಗೆ ದೊಡ್ಡ ಕಾರಣಗಳಲ್ಲಿ ಒಂದು ಚರ್ಮದ ಸೋಂಕು. ಇನ್ನೊಂದು ಅತಿಯಾದ ಮೈತೂಕ. ಆ ಕೈಗೆ ಸೂಜಿ ಚುಚ್ಚಿಸಬಾರದು, ರಕ್ತದೊತ್ತಡ ಅಳೆಯಬಾರದು ಎಂಬ ಹಳೆಯ ಎಚ್ಚರಿಕೆಯನ್ನು 2016ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ಪರೀಕ್ಷಿಸಿತು. ಅವುಗಳಿಂದ ಬಾವು ಹೆಚ್ಚಿದ್ದು ಕಾಣಲಿಲ್ಲ; ಸೋಂಕು ಮತ್ತು ಮೈತೂಕದಿಂದ ಹೆಚ್ಚಿದ್ದು ಕಂಡಿತು. ಇನ್ನೊಂದು ಕೈ ಇರುವಾಗ ಅದನ್ನೇ ಕೊಡುವುದು ಸರಿ. ಆದರೆ ತುರ್ತಿನಲ್ಲಿ ಈ ಕೈಗೆ ಒಂದು ಸೂಜಿ ಚುಚ್ಚಿದರೆಂದು ಕಂಗಾಲಾಗಬೇಕಿಲ್ಲ.

ನಮ್ಮ ಮನೆಗಳಲ್ಲಿ ನಿಜವಾಗಿ ನೋಡಿಕೊಳ್ಳಬೇಕಾದದ್ದು ಇವುಗಳನ್ನು:

* ಸ್ಕಾರ್ಫ್‌ನ ಪಿನ್ನು. ಮರಗಟ್ಟಿದ ಕಡೆ ಚುಚ್ಚಿದರೆ ಗೊತ್ತೇ ಆಗುವುದಿಲ್ಲ. ಆ ಬದಿಯ ಭುಜದ ಮೇಲೆ ಪಿನ್ನು ಹಾಕಬೇಡಿ.
* ಮೀನು ಶುಚಿ ಮಾಡುವಾಗ, ಬೀಡಿ ಎಲೆ ಕತ್ತರಿಸುವಾಗ, ಗಿಡಗಳ ಕೆಲಸ ಮಾಡುವಾಗ ಆಗುವ ಸಣ್ಣ ಗಾಯ. ಕೂಡಲೇ ಸೋಪಿನಿಂದ ತೊಳೆದು ಮುಲಾಮು ಹಚ್ಚಿ. ಸಾಧ್ಯವಿದ್ದರೆ ಗ್ಲೌಸ್ ಹಾಕಿ.
* ಬಿಸಿ ನೀರಿನ ಚೀಲ. ಸ್ಪರ್ಶವಿಲ್ಲದ ಕಡೆ ಶಾಖ ಕೊಟ್ಟರೆ ಸುಟ್ಟು ಬೊಬ್ಬೆ ಬಂದ ಮೇಲಷ್ಟೇ ತಿಳಿಯುತ್ತದೆ.
* ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕಿಸುವುದು. ಉಳುಕು ತೆಗೆಯುವವರನ್ನು ಕರೆಸಿ ಈ ಕೈಯನ್ನು ಎಳೆಸಬೇಡಿ.
* ಕಪ್ಪು ಬಣ್ಣ ಕೊಡುವ ರಾಸಾಯನಿಕ ಬೆರೆತ ಮದರಂಗಿ. ಚರ್ಮ ಸುಟ್ಟಂತಾಗಬಹುದು.
* ಬಿಗಿಯಾದ ಬಳೆ, ತೋಳಿನ ಬಿಗಿ ಎಲಾಸ್ಟಿಕ್.

ಕೈ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಅದೇ ದಿನ ವೈದ್ಯರ ಬಳಿ ಹೋಗಿ. ಕಂಕುಳಿನಲ್ಲಿ ನೀರು ತುಂಬಿ ಉಬ್ಬಿದರೆ, ಕೈ ಇದ್ದಕ್ಕಿದ್ದಂತೆ ಊದಿಕೊಂಡರೆ, ಎದೆನೋವು ಅಥವಾ ಉಸಿರಾಟದ ತೊಂದರೆ ಬಂದರೆ, ಹೊಸದಾಗಿ ಮೂಳೆನೋವು ಕಾಣಿಸಿ ಹೋಗದೇ ಇದ್ದರೆ ವ್ಯಾಯಾಮ ನಿಲ್ಲಿಸಿ ತೋರಿಸಿ.

ಸುಸ್ತಿಗೆ ಮದ್ದು ನಡಿಗೆ

ಕೀಮೋ, ರೇಡಿಯೇಷನ್ ಪಡೆದವರ ಸುಸ್ತು ಮಲಗಿ ಎದ್ದರೂ ಹೋಗುವುದಿಲ್ಲ. ಮಲಗಿದಷ್ಟೂ ಸ್ನಾಯುಗಳು ಕರಗುತ್ತವೆ, ಸುಸ್ತು ಇನ್ನೂ ಹೆಚ್ಚುತ್ತದೆ. ಇದಕ್ಕೆ ಚೆನ್ನಾಗಿ ಸಾಬೀತಾದ ಉಪಾಯ ನಡಿಗೆ. ಅಂಗಳದಲ್ಲೋ ಟೆರೇಸಿನಲ್ಲೋ ದಿನಕ್ಕೆ ಹತ್ತು ನಿಮಿಷದಿಂದ ಶುರು ಮಾಡಿ. ಮಾತನಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು. 2019ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ತಜ್ಞರ ಸಲಹೆಯಂತೆ ವಾರಕ್ಕೆ ಮೂರು ದಿನ ತಲಾ 30 ನಿಮಿಷದ ನಡಿಗೆಯಂಥ ವ್ಯಾಯಾಮ ಮತ್ತು ವಾರಕ್ಕೆ ಎರಡು ದಿನ ಬಲ ತರುವ ವ್ಯಾಯಾಮದಿಂದ ಸುಸ್ತು, ಆತಂಕ, ಖಿನ್ನತೆ ಕಡಿಮೆಯಾಗುತ್ತವೆ. ಹಾರ್ಮೋನ್ ಮಾತ್ರೆಯಿಂದ ಗಂಟುನೋವು ಬಂದವರಿಗೂ ಇದು ಸಹಾಯಕ. ಕೀಮೋದಿಂದ ಪಾದ ಜೋಮು ಹಿಡಿದವರು ಮಾತ್ರ ಒದ್ದೆ ನೆಲದಲ್ಲಿ, ಮೆಟ್ಟಿಲಲ್ಲಿ ಜಾಗ್ರತೆ. ಔಷಧಿಯಿಂದ ಹೃದಯಕ್ಕೆ ತೊಂದರೆಯಾದವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು.

ಸಂಕೋಚ ಬೇಡ

ನಮ್ಮ ಹೆಂಗಸರು ಫಿಸಿಯೋಥೆರಪಿಗೆ ಬರಲು ಹಿಂಜರಿಯುವುದಕ್ಕೆ ಒಂದು ಕಾರಣ ಸಂಕೋಚ. ಎದೆ, ಕಂಕುಳು ತೋರಿಸಬೇಕಲ್ಲ ಎಂಬ ಅಳುಕು. ಮಹಿಳಾ ಫಿಸಿಯೋಥೆರಪಿಸ್ಟ್ ಬೇಕು, ಪರದೆ ಎಳೆದ ಜಾಗ ಬೇಕು, ಜೊತೆಗೆ ಮಗಳು ಇರಲಿ ಎಂದು ಕೇಳುವುದು ನಿಮ್ಮ ಹಕ್ಕು. ಧೈರ್ಯವಾಗಿ ಕೇಳಿ. ಈ ಕ್ಷೇತ್ರದಲ್ಲಿ ಇಂದು ಮಹಿಳೆಯರು ಸಾಕಷ್ಟಿದ್ದಾರೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಫಿಸಿಯೋಥೆರಪಿ ವಿಭಾಗವಿರುತ್ತದೆ. ಡಿಸ್ಚಾರ್ಜ್ ಆಗುವ ಮೊದಲು ವೈದ್ಯರಿಗೆ ಮೂರು ಪ್ರಶ್ನೆ ಕೇಳಲು ಮರೆಯಬೇಡಿ: ನನ್ನ ಕಂಕುಳಿನಿಂದ ಎಷ್ಟು ಗ್ರಂಥಿಗಳನ್ನು ತೆಗೆದಿದ್ದಾರೆ? ಕೈಯನ್ನು ಯಾವ ದಿನದಿಂದ ಪೂರ್ತಿ ಎತ್ತಬಹುದು? ವ್ಯಾಯಾಮವನ್ನು ಯಾರು ಮಾಡಿಸಿ ತೋರಿಸುತ್ತಾರೆ? ಹಾಳೆ ಕೊಟ್ಟರೆ ಸಾಲದು, ಮಾಡಿ ತೋರಿಸಲಿ.

ನಮಾಝ್ ವಿಷಯದಲ್ಲಿ ಹಲವರು ಕೇಳುತ್ತಾರೆ. ನಿಂತು ಮಾಡಲಾಗದವರು ಕುಳಿತು, ಅದೂ ಆಗದವರು ಮಲಗಿ ನಿರ್ವಹಿಸಲು ರಿಯಾಯಿತಿ ಇದೆಯೆಂಬುದು ನಿಮಗೆಲ್ಲ ತಿಳಿದೇ ಇದೆ. ಸುಜೂದ್‌ನಲ್ಲಿ ಅಂಗೈ ಮೇಲೆ ಭಾರ ಬೀಳುವುದರಿಂದ ಮೊದಲ ವಾರಗಳಲ್ಲಿ ನೋವಾಗಬಹುದು. ಆಗುವಷ್ಟೇ ಮಾಡಿ, ನೋವನ್ನು ಸಹಿಸಿ ಗಾಯಕ್ಕೆ ಹಾನಿ ಮಾಡಿಕೊಳ್ಳಬೇಡಿ. ಕೈ ಸುಧಾರಿಸಿದಂತೆ ಅದೂ ಸುಲಭವಾಗುತ್ತದೆ.

ಮನೆಯವರಿಗೂ ಒಂದು ಮಾತು. ನಿಮ್ಮ ಉಮ್ಮನ, ಪತ್ನಿಯ, ಅತ್ತೆಯ ಭಾರದ ಕೆಲಸಗಳನ್ನು ನೀವು ವಹಿಸಿಕೊಳ್ಳಿ. ಆದರೆ ಬಾಚಣಿಗೆಯನ್ನು ಅವರ ಕೈಗೇ ಕೊಡಿ. ತಲೆ ಬಾಚಲು ಅವರಿಗೆ ಹದಿನೈದು ನಿಮಿಷ ಹಿಡಿದರೆ ಹದಿನೈದು ನಿಮಿಷ ಕಾಯಿರಿ. ಗೋಡೆಯ ಗೆರೆ ನಿನ್ನೆಗಿಂತ ಒಂದು ಬೆರಳು ಮೇಲೆ ಹೋದರೆ ಮೆಚ್ಚಿ ಮಾತನಾಡಿ.

ಮೊದಲು ಹೇಳಿದ ತಾಯಿ ಮೂರು ವಾರ ಪ್ರತಿದಿನ ಬಂದರು. ಮನೆಯಲ್ಲೂ ಬಿಡದೆ ಮಾಡಿದರು. ಕೈ ತಲೆಯ ಮೇಲೆ ಹೋದ ದಿನ ರೇಡಿಯೇಷನ್‌ಗೆ ಕಳುಹಿಸಿದೆವು. ಒಂಬತ್ತು ವಾರ ಸುಮ್ಮನಿದ್ದುದಕ್ಕೆ ಬೆಲೆ ತೆರದೆ ಇರಲಿಲ್ಲ. ಚಿಕಿತ್ಸೆ ಮೂರು ವಾರ ತಡವಾಯಿತು. ಆಮೇಲೆ ಸ್ವಲ್ಪ ಬಾವೂ ಬಂತು, ಈಗಲೂ ಹಗಲಿನಲ್ಲಿ ಒತ್ತುಗವಸು ತೊಡುತ್ತಾರೆ. ಆದರೆ ಕಳೆದ ತಿಂಗಳು ತಪಾಸಣೆಗೆ ಬಂದಾಗ ಮಗಳು ನಗುತ್ತಾ ದೂರು ಹೇಳಿದಳು: "ಈಗ ತಲೆ ಬಾಚಲು ನಮ್ಮನ್ನು ಹತ್ತಿರ ಬಿಡುವುದೇ ಇಲ್ಲ ಡಾಕ್ಟ್ರೇ!"

ನಾನು ಕೇಳುವ ಮೊದಲೇ ತಾಯಿ ಎರಡೂ ಕೈಗಳನ್ನು ಕಿವಿಯವರೆಗೆ ಎತ್ತಿ ತೋರಿಸಿದರು.

ನಿಮ್ಮ ಕುಟುಂಬದಲ್ಲೋ ನೆರೆಮನೆಯಲ್ಲೋ ಈ ಆಪರೇಷನ್ ಆದವರಿದ್ದರೆ ನೋಡಲು ಹೋದಾಗ "ಕೈ ಅಲ್ಲಾಡಿಸಬೇಡಿ" ಎಂದು ಹೇಳಿ ಬರಬೇಡಿ. "ಇವತ್ತು ವ್ಯಾಯಾಮ ಮಾಡಿದಿರಾ?" ಎಂದು ಕೇಳಿ ಬನ್ನಿ.